ಒರೆಸಿದ ಬಾಯಿ

"ಆಯಮ್ಮನ ಹತ್ರ ಚಿತ್ರ ಬರೆಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಬರೆದಾದ ಮೇಲೆ ತಿದ್ದಿಸೋಕೆ ಮಾತ್ರ ಹೋಗ್ಬೇಡಿ ಮೇಡಂ," ಎಂದ ಚೌಕಟ್ಟು ಕಟ್ಟುವ ಅಂಗಡಿಯವನು. ಗಾಜು ಕೊಯ್ಯುತ್ತಿದ್ದ ಅವನ ಕೈ ಅರ್ಧಕ್ಕೇ ನಿಂತಿತ್ತು. ಅಂಗಡಿಯಲ್ಲಿ ಮೂರನೆಯವರು ಇಲ್ಲದಿದ್ದರೂ ದನಿ ತಗ್ಗಿಸಿದ. "ಆಯಮ್ಮನ ಚಿತ್ರದಲ್ಲಿ ಏನು ಒರೆಸಿದ್ರೂ ಅದು ಆಮೇಲೆ ಎಲ್ಲೂ ಇರಲ್ಲ. ಯಾರೋ ಮಾಡಿಸಿಟ್ಟಿದಾರೆ."

"ಏನು ಮಾಡಿಸಿಟ್ಟಿದಾರೆ?"

"ಮಾಟ."

ಅವಳು ಫಕ್ಕನೆ ನಕ್ಕಳು. "ತಪ್ಪು ತಿದ್ದೋದೇ ನನ್ನ ಹೊಟ್ಟೆಪಾಡು ಕಣ್ರೀ. ತಿದ್ದಿದ್ದಕ್ಕೆಲ್ಲ ಮಾಟ ತಗಲೋದಾಗಿದ್ರೆ ನಾನು ಇಷ್ಟೊತ್ತಿಗೆ ಬೂದಿಯಾಗಿರ್ತಿದ್ದೆ."

ಹದಿನಾರು ವರ್ಷಗಳಿಂದ ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲಿಯವರು ಬೆನ್ನ ಹಿಂದೆ ಅವಳನ್ನು ಕೆಂಪುಶಾಯಿ ಎನ್ನುತ್ತಿದ್ದರು. ಊರೆಲ್ಲ ಆನೆ ನೋಡಲು ನಿಂತರೆ ಇವಳು ಆನೆಯ ಕಾಲಡಿಯ ಇರುವೆಗೆ ಎಷ್ಟು ಕಾಲೆಂದು ಎಣಿಸುತ್ತಾಳೆ ಎಂಬ ಮಾತೂ ಇತ್ತು. ಆ ಮಾತು ಅವಳ ಕಿವಿಗೆ ಬಿದ್ದಿತ್ತು. ಬೇಸರವಾಗಿರಲಿಲ್ಲ.

ಚಿತ್ರ ಬೇಕಾಗಿದ್ದದ್ದು ಅಪ್ಪನದು. ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪನಿಗೆ ಐದಾರು ತಿಂಗಳಲ್ಲಿ ಎಂಬತ್ತು ತುಂಬುತ್ತಿತ್ತು. ಕೈನಡುಕ ಶುರುವಾಗಿ ಕೆಲಸ ನಿಂತಿತ್ತು. ಕೆಲಸ ನಿಂತ ದಿನದಿಂದ ಪ್ರಶ್ನೆಗಳು ಶುರುವಾಗಿದ್ದವು. ಬಾಗಿಲು ಹಾಕಿದ್ಯಾ ಪುಟ್ಟಿ? ಗ್ಯಾಸ್ ಆರಿಸಿದ್ಯಾ? ಎಷ್ಟೊತ್ತಿಗೆ ಬರ್ತೀಯಾ? ಬಾಗಿಲು ಹಾಕಿದ್ಯಾ? ಬೆಳಗ್ಗೆ ಎದ್ದ ಕ್ಷಣದಿಂದ ಅವಳು ಚಪ್ಪಲಿ ಮೆಟ್ಟುವವರೆಗೆ, ಮರಳಿ ಬಂದು ಚಪ್ಪಲಿ ಬಿಡುವ ಮೊದಲೇ ಮತ್ತೆ. ಮುದ್ದಾಡಿ ಬೆಳೆಸಿದ ಅಪ್ಪ. ಎದುರಾಡಲು ಬಾಯಿ ಬರುತ್ತಿರಲಿಲ್ಲ. ಹಲ್ಲು ಕಚ್ಚಿ "ಹೂಂ ಅಪ್ಪ" ಎನ್ನುತ್ತಿದ್ದಳು. ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಚಿತ್ರ ಬರೆಯುವವಳು ಐವತ್ತು ದಾಟಿದ ಒಂಟಿ ಹೆಂಗಸು. ಮುಚ್ಚಿಹೋದ ಹೊಲಿಗೆ ಅಂಗಡಿಯ ಮೇಲಿನ ಕೋಣೆಯೇ ಅವಳ ಮನೆ, ಅದೇ ಕಾರ್ಖಾನೆ. ಎಷ್ಟೇ ಸೆಕೆಯಿದ್ದರೂ ತಲೆಯಿಂದ ಬಟ್ಟೆ ತೆಗೆಯಳು. ಅಪ್ಪನನ್ನು ಮೂರು ಬೆಳಗ್ಗೆ ಎದುರಿಗೆ ಕೂರಿಸಿಕೊಂಡು ದಿಟ್ಟಿಸಿದ್ದಳು. ಎರಡು ತಿಂಗಳು ಸಾಕು ಎಂದಿದ್ದವಳು ಐದು ತಿಂಗಳಾದರೂ ಮುಗಿಸಲಿಲ್ಲ. ಫೋನು ಮಾಡಿದರೆ ಒಂದೇ ಬಗೆಯ ಉತ್ತರ.

"ಇವತ್ತು ಹುಬ್ಬಿಗೆ ಒಂದು ಗೆರೆ ಎಳೆದೆ."

"ಒಂದೇ?"

"ಒಂದು ಎಳೆದ್ರೆ ಒಂದು ದಿನ ನೋಡ್ತೀನಿ. ನನ್ನ ಕೆಲಸದಲ್ಲಿ ವಾಪಸ್ ಬರೋ ದಾರಿ ಇಲ್ಲ ನೋಡಿ."

ಕೆಂಪುಶಾಯಿ ಫೋನಿಟ್ಟು ಗೋಡೆಗೆ ಬೈಯುತ್ತಿದ್ದಳು.

ಎಂಬತ್ತು ತುಂಬುವ ಭಾನುವಾರಕ್ಕೆ ಮೂರೇ ದಿನವಿದ್ದಾಗ, ಗುರುವಾರ ಮಧ್ಯಾಹ್ನ ಕರೆ ಬಂತು. ಚಿತ್ರ ಮುಗಿದಿದೆ. ಅಂದು ಬೆಳಗ್ಗೆ ಅಪ್ಪ ನೆಗಡಿಯಿಂದ ಮೂಗು ಕಟ್ಟಿಕೊಂಡು, ಬಾಯಲ್ಲಿ ಉಸಿರಾಡುತ್ತಲೇ ಇಪ್ಪತ್ತು ಪ್ರಶ್ನೆ ಕೇಳಿದ್ದರು. ಆ ಕಿರಿಕಿರಿ ಇನ್ನೂ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಕರೆಂಟು ಹೋಗಿತ್ತು. ಕಲಾವಿದೆಯ ಕೋಣೆಗೆ ಹತ್ತುವ ಮೆಟ್ಟಿಲ ಮೇಲೆ ಹಗಲಲ್ಲೂ ಕತ್ತಲು. ಎಣ್ಣೆಬಣ್ಣದ ವಾಸನೆ, ಟರ್ಪೆಂಟೈನಿನ ಘಾಟು, ಅವೆರಡರ ಅಡಿಯಲ್ಲಿ ಕೂದಲು ಸುಟ್ಟಂಥ ಮತ್ತೊಂದು ಕಮಟು. ಗೋಡೆ ಹಿಡಿದು ಹತ್ತಿದಳು. ಗೋಡೆ ಬೆವೆತಂತೆ ಒದ್ದೆಯಾಗಿತ್ತು.

ಕಿಟಕಿಯ ಬಳಿ ಅಪ್ಪ ಕೂತಿದ್ದರು. ಒಂದು ಕ್ಷಣ ಅವಳು ನಿಜವಾಗಿಯೂ ಹಾಗೆಂದುಕೊಂಡಳು. ಕೊರಳಿನ ನರಗಳು, ಒಂದು ಕಣ್ಣಿಗೆ ರಿಪೇರಿಯ ಭೂತಗನ್ನಡಿ ಒತ್ತಿ ಒತ್ತಿ ಬಿದ್ದ ಗುಂಡಗಿನ ಗುರುತು, ಎಲ್ಲವೂ ಇತ್ತು. ಆಮೇಲೆ ಬಾಯಿ ನೋಡಿದಳು. ಅರೆ ತೆರೆದ ಬಾಯಿ. ಏನನ್ನೋ ಕೇಳಲು ಹೊರಟಿರುವ ಬಾಯಿ.

"ಇದು ಬೇಡ," ಅಂದಳು. "ನಗೋ ಹಾಗೆ ಮಾಡಿ. ಇಲ್ಲಾಂದ್ರೆ ಮುಚ್ಚಿರೋ ಹಾಗೆ ಮಾಡಿ."

"ನಾನು ಕಂಡಿದ್ದು ಇದೇ. ಬೇಡದಿದ್ರೆ ಇದನ್ನ ಇಲ್ಲೇ ಬಿಡಿ. ಹೊಸದು ಶುರು ಮಾಡ್ತೀನಿ."

"ಇನ್ನೈದು ತಿಂಗಳಾ? ಭಾನುವಾರ ಜನ ಬರ್ತಾರೆ ಕಣ್ರೀ. ಎರಡು ಗೆರೆ ಒರೆಸಿ ಬರೆಯೋಕೆ ನಿಮಗೇನು ಕಷ್ಟ?"

"ಒರೆಸಲ್ಲ." ಕಲಾವಿದೆ ತಲೆಯ ಬಟ್ಟೆಯನ್ನು ಇನ್ನಷ್ಟು ಬಿಗಿಮಾಡಿಕೊಂಡಳು. "ಮೊದಲ ದಿನವೇ ಹೇಳಿದ್ದೆ."

ಐದು ತಿಂಗಳ ಸಿಟ್ಟು, ಬೆಳಗಿನ ಸಿಟ್ಟು, ಯಾವತ್ತಿನವೋ ನುಂಗಿಕೊಂಡ ಸಿಟ್ಟುಗಳೆಲ್ಲ ಒಟ್ಟಿಗೆ ನೆತ್ತಿಗೇರಿದವು. "ದಿನಾ ಕೇಳಿ ಕೇಳಿ ಸಾಕಾಗಿದೆ ನಂಗೆ. ಈ ಬಾಯಿ ಗೋಡೆ ಮೇಲೂ ಬೇಕಾ?" ಮೇಜಿನ ಮೇಲೆ ಟರ್ಪೆಂಟೈನಿನಲ್ಲಿ ನೆನೆದ ಚಿಂದಿಯಿತ್ತು. ಕಲಾವಿದೆ ಕೈ ಹಿಡಿಯುವಷ್ಟರಲ್ಲಿ ಕೆಂಪುಶಾಯಿ ಅದನ್ನೆತ್ತಿಕೊಂಡು ಚಿತ್ರದ ಬಾಯಿಗೆ ಉಜ್ಜಿಬಿಟ್ಟಳು.

ಒಣಗಿದ್ದ ಬಣ್ಣ ಒಂದೇ ಬೀಸಿಗೆ ಬಂತು. ಚಿಂದಿಯ ಕೆಳಗೆ ಚಿತ್ರ ಬೆಚ್ಚಗಿತ್ತು. ಮೂಗಿನಿಂದ ಗದ್ದದವರೆಗೆ ಬರೀ ಚರ್ಮದ ಬಣ್ಣ ಉಳಿಯಿತು, ನುಣುಪಾಗಿ.

ಕಲಾವಿದೆ ತಲೆಯ ಬಟ್ಟೆ ಬಿಚ್ಚಿದಳು. ಎಡಗಿವಿ ಇರಬೇಕಾದಲ್ಲಿ ಏನೂ ಇರಲಿಲ್ಲ. ಗಾಯದ ಗುರುತಿಲ್ಲ, ತೂತೂ ಇಲ್ಲ. "ನನ್ನದೇ ಚಿತ್ರ. ಕಿವಿ ಸೊಟ್ಟ ಬಂತು ಅಂತ ಒರೆಸಿದ್ದೆ," ಎಂದಳು. "ಗುರುಗಳ ಕೊನೇ ಚಿತ್ರ ಅಳಿಸಿ, ಅದೇ ಕ್ಯಾನ್ವಾಸ್ ಮೇಲೆ ನಂದು ಬರೆದು ಹೆಸರು ಮಾಡಿದವಳು ನಾನು. ಸಾಯೋ ಮುಂಚೆ ಅವರು ಮಾಟ ಮಾಡಿಸಿಟ್ಟು ಹೋದ್ರು. ನಾನು ಬರೆದದ್ದನ್ನ ಯಾರು ಒರೆಸಿದ್ರೂ ಅಷ್ಟೇ. ಮನೆಗೆ ಫೋನ್ ಮಾಡಿ."

ಕೆಂಪುಶಾಯಿ ನಗಬೇಕೆಂದುಕೊಂಡಳು. ಬೆರಳು ಆಗಲೇ ಫೋನು ಒತ್ತಿತ್ತು. ಆ ಕಡೆ ಎತ್ತಿದರು. "ಅಪ್ಪ?" ಕಟ್ಟಿದ ಮೂಗಿನಲ್ಲಿ ಸೀಟಿಯಂತೆ ಎಳೆಯುವ ಉಸಿರು. ಉಗುರಿನಿಂದ ಫೋನಿಗೆ ಬಡಿಯುವ ಸದ್ದು. ಟಕ್. ಟಕ್. ಟಕ್ಟಕ್ಟಕ್.

ಓಡಿದಳು. ಎರಡೇ ಬೀದಿ. ಬಾಗಿಲು ತಳ್ಳಿದಳು. ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಎದೆಯ ಮೇಲೆ ನೀರು ಚೆಲ್ಲಿತ್ತು, ಲೋಟ ಉರುಳಿತ್ತು. ಮೂಗಿನ ಕೆಳಗೆ ಮುಖ ಮುಗಿದಿತ್ತು. ಅವರ ನಡುಗುವ ಬೆರಳುಗಳು ಅಲ್ಲೇ ತಡವುತ್ತಿದ್ದವು, ಕತ್ತಲಲ್ಲಿ ಚಿಲಕ ಹುಡುಕುವವರ ಹಾಗೆ. ಒಂದು ಹೊಳ್ಳೆ ಪೂರ್ತಿ ಕಟ್ಟಿತ್ತು. ಇನ್ನೊಂದರಲ್ಲಿ ದಾರದಷ್ಟು ಉಸಿರು. ಉಗುರುಗಳು ನೀಲಿಗಟ್ಟುತ್ತಿದ್ದವು.

ಯಾವ ಡಾಕ್ಟರಿಗೆ ಏನೆಂದು ಹೇಳುವುದು? ಟವೆಲನ್ನು ಮುಖಕ್ಕೆ ಸಡಿಲವಾಗಿ ಸುತ್ತಿದಳು. ಟ್ಯಾಕ್ಸಿ ಹಿಡಿದಳು. ಕಲಾವಿದೆಯ ಮೆಟ್ಟಿಲಲ್ಲಿ ಅವರನ್ನು ಬೆನ್ನ ಮೇಲೆ ಹೊತ್ತಳು. ಕಿವಿಯ ಪಕ್ಕದಲ್ಲೇ ಸೀಟಿ. ಒಮ್ಮೆ ನಿಂತಿತು. ಮತ್ತೆ ಬಂತು.

ಕಲಾವಿದೆ ಕುಂಚ ಹಿಡಿದು ಕಾಯುತ್ತಿದ್ದಳು. "ಹೋದದ್ದು ಬರಲ್ಲ. ಬೇರೆಯವರದ್ದು ಕೊಡಬಹುದು. ನಿಮ್ಮ ಬಾಯಿ ನೋಡಿ ಬರೀತೀನಿ. ಬರೆದ್ರೆ ನಿಮ್ಮದರಲ್ಲಿ ಅರ್ಧ ಅವರಿಗೆ ಹೋಗುತ್ತೆ. ತಿನ್ನೋದೋ ಮಾತಾಡೋದೋ, ಯಾವ ಅರ್ಧ ಅಂತ ನಂಗೆ ಗೊತ್ತಿಲ್ಲ."

ಅಪ್ಪ ಅವಳ ಕೈ ಹಿಡಿದು ಎಳೆದರು. ಬೇಡ ಎಂದು ತಲೆಯಾಡಿಸಿದರು.

"ಬರೀರಿ," ಅಂದಳು ಕೆಂಪುಶಾಯಿ.

"ಹಾಗಾದ್ರೆ ಮಾತಾಡ್ತಾ ಇರಿ. ನಿಲ್ಲಿಸ್ಬೇಡಿ."

ದಿನಕ್ಕೊಂದು ಗೆರೆ ಎಳೆಯುವ ಕೈ ಸರಸರನೆ ಓಡತೊಡಗಿತು. ಒಂದು ಗೆರೆ ತಪ್ಪಿದರೂ ಒರೆಸುವಂತಿಲ್ಲ. ಕೋಣೆ ಮಂಕಾಯಿತು. ಕೂದಲು ಸುಟ್ಟ ವಾಸನೆ ಗಂಟಲಿಗಿಳಿಯಿತು. ಏನು ಮಾತಾಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಉತ್ತರಗಳು. "ಬಾಗಿಲು ಹಾಕಿದೀನಿ ಅಪ್ಪ. ಗ್ಯಾಸ್ ಆರಿಸಿದೀನಿ. ಆರು ಗಂಟೆಗೆ ಬರ್ತೀನಿ, ತಡ ಆದ್ರೆ ಫೋನ್ ಮಾಡ್ತೀನಿ. ಊಟ ಆಯ್ತು. ಕೊಡೆ ತಗೊಂಡಿದೀನಿ. ನಂಗೇನೂ ಆಗಿಲ್ಲ, ಚೆನ್ನಾಗಿದೀನಿ. ಕೇಳಪ್ಪ, ಇನ್ನೂ ಕೇಳು." ಅಪ್ಪನ ತಲೆ ವಾಲಿತು. ಸೀಟಿ ನಿಂತಿತು. ಎಣಿಸಿದಳು. ಒಂದು. ಎರಡು. ಮೂರು. "ಅಪ್ಪ, ಉಸಿರಾಡು. ಅಪ್ಪ. ಅ..."

ಅವಳ ತುಟಿ ಆಡಿತು. ದನಿ ಬರಲಿಲ್ಲ.

ಕುಂಚ ಕೆಳಗೆ ಬಿತ್ತು. ಕುರ್ಚಿಯಲ್ಲಿ ಬಟ್ಟೆ ಹರಿದಂಥ ಸದ್ದಾಯಿತು. ಅಪ್ಪ ಬಾಯಿ ತೆರೆದು ಗಾಳಿ ಎಳೆದುಕೊಂಡರು, ಮುಳುಗಿದವರು ಮೇಲೆ ಬಂದಂತೆ. ಮತ್ತೆ ಎಳೆದುಕೊಂಡರು. ಕೆಮ್ಮಿದರು. ಬೆನ್ನು ನೀವುತ್ತ ಅವಳು ಬಿಕ್ಕಿದಳು. ಬಿಕ್ಕುವ ಸದ್ದು ಅವಳಿಗೇ ಕೇಳಲಿಲ್ಲ.

"ಪುಟ್ಟಿ," ಎಂದ ಅಪ್ಪ ಬೆಚ್ಚಿದರು. "ಯಾರೇ ಅದು, ನಿನ್ನ ಹಾಗೆ ಮಾತಾಡ್ತಿರೋದು?" ಅವರ ಬಾಯಿಂದ ಬಂದದ್ದು ಅವಳ ದನಿ. ಅದೇ ಏರಿಳಿತ, ಅದೇ ಕೊನೆಯ ಒತ್ತು. ಎಂಬತ್ತರ ಮುಖದಲ್ಲಿ ಮೂವತ್ತೆಂಟರ ತುಟಿಗಳು ಅಲುಗುತ್ತಿದ್ದವು. ಅವಳು ತನ್ನ ಗಂಟಲು ಮುಟ್ಟಿ, ಇಲ್ಲವೆಂದು ಕೈಯಾಡಿಸಿ ತೋರಿಸಿದಳು. ಅವರು ತಮ್ಮ ತುಟಿ ಮುಟ್ಟಿ ನೋಡಿಕೊಂಡರು.

"ನಿಂದಾ?" ಎಂದರು. ಆಮೇಲೆ, ಯಾರದೋ ಸಾಮಾನು ಮುಟ್ಟಿಬಿಟ್ಟವರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, "ನಿನ್ನ ದನಿ ನಾನು ಖರ್ಚು ಮಾಡಲ್ಲ," ಅಂದರು.

ಭಾನುವಾರ ಬರಬೇಕಿದ್ದವರಿಗೆಲ್ಲ ಅಪ್ಪನಿಗೆ ಹುಷಾರಿಲ್ಲ ಎಂದು ಅವಳು ಸಂದೇಶ ಕಳಿಸಿದಳು. ಚಿತ್ರವನ್ನು ಯಾರ ಕೈಯೂ ತಾಗದಂತೆ ಗಾಜು ಹಾಕಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅಪ್ಪ ಉಣ್ಣಲು ಬಾಯಿ ತೆರೆದರು, ಆಕಳಿಸಲು ತೆರೆದರು, ಅಷ್ಟೇ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಯೊಳಗೆ ಎಷ್ಟು ನಿಶ್ಶಬ್ದವೆಂದರೆ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಹತ್ತನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಒಂದು ಚೀಟಿಯಲ್ಲಿ "ಏನಾದ್ರೂ ಕೇಳಪ್ಪ" ಎಂದು ಬರೆದು ತಟ್ಟೆಯ ಪಕ್ಕ ಇಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು, ತಮ್ಮ ಮುಖದ ಮೇಲಿನ ಅವಳ ತುಟಿಗಳನ್ನು ಬಿಗಿಯಾಗಿ ಮುಚ್ಚಿ ನಕ್ಕರು.