ಹೊಲಿಗೆ ಬಿಚ್ಚಿದ ಹಾಯಿ

ಆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಊರಿನ ಗ್ರಂಥಾಲಯ ನೋಡಿಕೊಳ್ಳುವ ಲೈಬ್ರರಿಯಮ್ಮ ನಮ್ಮ ಅಟ್ಟದ ಮೆಟ್ಟಿಲು ಹತ್ತಿ ಬಂದಾಗ ಅವರ ತೋಳಿನ ತುಂಬ ಬಿಳಿ ಹಾಯಿ ಇತ್ತು. ಅದನ್ನು ಕತ್ತರಿಸುವ ಮೇಜಿನ ಮೇಲೆ ಇಳಿಸಿ, ಕುರ್ಚಿ ತೋರಿಸಿದರೂ ಕೂರದೆ ಹೇಳಿದರು.

"ಅಕ್ಕಾ, ಇದನ್ನ ಹೊಲಿದು ಕೊಡಿ ಅಂತ ಬಂದಿಲ್ಲ. ಬಿಚ್ಚಿದ್ದು ಯಾರು ಅಂತ ಹೇಳಿ. ಹನ್ನೆರಡು ಗಂಟೆಗೆ ಕಾವಲುಗಾರನ್ನ ಕೆಲಸದಿಂದ ತೆಗೀತಾರಂತೆ. ಆ ಮನುಷ್ಯ ಇಂಥ ಕೆಲಸ ಮಾಡೋನಲ್ಲ."

ಅವರು ಅಕ್ಕ ಎಂದದ್ದು ನನ್ನ ಅತ್ತಿಗೆಯನ್ನು. ಅಣ್ಣ ತೀರಿಕೊಂಡ ಮೇಲೆ ದೋಣಿ ಕ್ಲಬ್ಬಿನ ಮಹಡಿಯಲ್ಲಿ ಹಾಯಿ ಹೊಲಿಯುವ ಕೆಲಸವನ್ನು ನಾವಿಬ್ಬರೇ ನಡೆಸುತ್ತಿದ್ದೆವು. ಬಟ್ಟೆ ಕತ್ತರಿಸುವುದು ನಾನು, ಹೊಲಿಯುವುದು ಅವರು. ಹದಿನೆಂಟು ವರ್ಷದಲ್ಲಿ ಅತ್ತಿಗೆ ಒಮ್ಮೆಯೂ ದೋಣಿ ಹತ್ತಿದವರಲ್ಲ. ಆದರೆ ಕ್ಲಬ್ಬಿನಲ್ಲಿ ಏನಾದರೂ ಕಳೆದರೆ, ಕೆಟ್ಟರೆ ಜನ ಪೊಲೀಸರಿಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು.

ಅತ್ತಿಗೆ ಕನ್ನಡಕ ಏರಿಸಿ ಹಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಪಟ್ಟಿಗಳು ಕೂಡುವ ಕಡೆ ನಾಲ್ಕು ಮೊಳದಷ್ಟು ಹೊಲಿಗೆಯೇ ಇರಲಿಲ್ಲ.

"ಎಲ್ಲಿ ಸಿಕ್ಕಿತು?"

"ಸಾಮಾನು ಕೋಣೇಲಿ, ಚೀಲದೊಳಗೇ ಇತ್ತು. ಇವತ್ತು ಮೂರು ಗಂಟೆಗೆ ಜೋಡಿ ಪಂದ್ಯ ಇದೆಯಲ್ಲ, ಬೆಳಿಗ್ಗೆ ಹುಲ್ಲಿನ ಮೇಲೆ ಹಾಸಿ ನೋಡಿದ್ವಿ. ಕಾರ್ಯದರ್ಶಿಗಳು ತಕ್ಷಣ ಕಾವಲುಗಾರನ ಮೇಲೆ ಗೂಬೆ ಕೂರಿಸಿಬಿಟ್ರು. ಹೋದ ವಾರ ಅವನಿಗೂ ನಮ್ಮೆಜಮಾನ್ರಿಗೂ ಮಾತಿಗೆ ಮಾತು ಬೆಳೆದಿತ್ತು, ಅದಕ್ಕೆ."

"ಏನು ಮಾತು?"

"ಇವರೊಬ್ಬರೇ ಹೋಗಿದ್ದ ದಿನ ವಾಪಸ್ ಬರುವಾಗ ದೋಣಿ ಕಟ್ಟೆ ಕಂಬಕ್ಕೆ ಬಡೀತು. ಹಗ್ಗ ಸರಿಯಾಗಿ ಕಟ್ಟಿಲ್ಲ ಅಂತ ಇವರು ಬೈದ್ರು. ಅಷ್ಟು ದೊಡ್ಡ ಕಂಬ ಕಾಣಿಸಲಿಲ್ವಾ ಅಂತ ಅವನೂ ಅಂದ."

"ಯಜಮಾನರು ಏನಂತಾರೆ?"

"ಏನೂ ಅನ್ನಲ್ಲ. ಬಿಟ್ಟುಬಿಡಿ, ವಿಚಾರಣೆ ಬೇಡ ಅಂತ ಒಂದೇ ಸಲ ಹೇಳಿ ಸುಮ್ಮನಾದ್ರು. ಇಪ್ಪತ್ತೆರಡು ವರ್ಷ ಒಂದು ಪಂದ್ಯವೂ ತಪ್ಪಿಸಿಲ್ಲ ಅಕ್ಕಾ, ಆ ಮನುಷ್ಯ."

ಅವರ ಯಜಮಾನರನ್ನು ಎಲ್ಲರೂ ಗಡಿಯಾರದವರು ಎನ್ನುತ್ತಿದ್ದರು. ಊರಿನ ಕೈಗಡಿಯಾರಗಳೆಲ್ಲ ಅವರ ಕೈಯಲ್ಲೇ ಬದುಕಿದ್ದು. ಹೋದ ವರ್ಷ, ಇನ್ನು ಉಳಿದ ಆಯುಷ್ಯವೆಲ್ಲ ಹಾಯಿದೋಣಿಗೇ ಎಂದು ಅಂಗಡಿ ಮುಚ್ಚಿದ್ದರು. ಅದೇ ತಿಂಗಳು, ನೀರು ಕಂಡರೆ ಮಾರು ದೂರ ನಿಲ್ಲುತ್ತಿದ್ದ ಹೆಂಡತಿಯನ್ನೂ ದೋಣಿಗೆ ಹತ್ತಿಸಿದ್ದರು. ಲೈಬ್ರರಿಯಮ್ಮ ಮೊದಲು ಹನ್ನೊಂದು ಪುಸ್ತಕ ಓದಿ, ಆಮೇಲೆ ಕಾಲಿಟ್ಟು, ಮೊದಲ ದಿನವೇ ನೀರಿಗೆ ಬಿದ್ದಿದ್ದರು.

"ಕಲಿಕೆ ಹೇಗೆ ನಡೀತಿದೆ?" ಅತ್ತಿಗೆ ಕೇಳಿದರು. ಹೊಲಿಗೆ ಬಿಚ್ಚಿದವರನ್ನು ಹುಡುಕುವಾಗ ಇದೆಂಥ ಪ್ರಶ್ನೆ ಎನಿಸಿತು ನನಗೆ.

ಲೈಬ್ರರಿಯಮ್ಮ ಆಗ ಕುಳಿತರು. ಮುಖ ಸ್ವಲ್ಪ ಸಡಿಲವಾಯಿತು. "ಗಾಳಿ ಬಂದಾಗ ತೂರಿಕೋ ಅಂತಾರೆ. ಇವರು ಗಾಳಿ ಇಲ್ಲದಿದ್ರೂ ಬಿಡಲ್ಲ. ಮೊದಲೆಲ್ಲ ಹಗ್ಗ ಯಾವುದು, ಯಾವುದರ ಹೆಸರೇನು ಅಂತ ತಲೆ ಕೆಡ್ತಿತ್ತು. ಈಗ ಚುಕ್ಕಾಣಿ ನನ್ನ ಕೈಗೇ ಕೊಟ್ಟು ಹಾಯಿ ಹಗ್ಗ ಹಿಡ್ಕೊಂಡು ಕೂರ್ತಾರೆ. ಒಂದೇ ಸಮ ಪರೀಕ್ಷೆ. ದಾರಿ ಗುರುತಿಗೆ ತೇಲಿಬಿಟ್ಟಿರೋ ಮುಂದಿನ ಪೀಪಾಯಿ ಎಲ್ಲಿದೆ ಹೇಳು, ಕೆಂಪೋ ಹಳದಿಯೋ ಹೇಳು, ಎದುರು ದೋಣಿ ಯಾವ ಕಡೆ ತಿರುಗ್ತಿದೆ ಹೇಳು. ತಪ್ಪು ಹೇಳಿದ್ರೆ ಬೈಯಲ್ಲ, ಇನ್ನೊಂದು ಸಲ ನೋಡು ಅಂತಾರೆ. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಮಾತನ್ನ ಇಷ್ಟು ಗಮನ ಕೊಟ್ಟು ಯಾವತ್ತೂ ಕೇಳಿರಲಿಲ್ಲ."

ಅತ್ತಿಗೆ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟರು. "ಇವತ್ತು ಚುಕ್ಕಾಣಿ ಯಾರದು?"

"ಇವರದ್ದೇ ಆಗಬೇಕು. ನಿನ್ನೆ ಸಂಜೆ ಹೊಸ ನೋಟಿಸ್ ಹಾಕಿದ್ರಲ್ಲ. ಜೋಡೀಲಿ ಹೆಚ್ಚು ಅನುಭವ ಇರೋರೇ ಚುಕ್ಕಾಣಿ ಹಿಡೀಬೇಕು ಅಂತ. ನಾನೇ ಓದಿ ಹೇಳಿದೆ, ಇವರು ಕನ್ನಡಕ ಮನೇಲಿ ಬಿಟ್ಟಿದ್ರು."

"ಓದಿದ ಮೇಲೆ?"

"ಹಾಯಿ ಎತ್ತಿಡ್ತೀನಿ ಅಂತ ಸಾಮಾನು ಕೋಣೆಗೆ ಹೋದ್ರು. ಅಷ್ಟು ಹೊತ್ತಿಗೆ ಎಲ್ಲರೂ ಜಗಲೀಲಿ ಚಹಾ ಕುಡೀತಿದ್ರು. ಇವರು ಬಂದ ಮೇಲೆ ಹಲ್ಲಿನ ಡಾಕ್ಟರೂ ಕೋಣೆಗೆ ಹೋದ್ರು, ಒಂದು ನಿಮಿಷ. ಕಾವಲುಗಾರ ಬಾಗಿಲು ತೆಗೆದಿಟ್ಟೇ ಹುಟ್ಟುಗಳನ್ನ ಒಳಗಿಟ್ಟ. ಏಳು ಗಂಟೆಗೆ ಬೀಗ ಹಾಕಿ ಕೀಲಿಯನ್ನ ಕಾರ್ಯದರ್ಶಿಗಳಿಗೆ ಕೊಟ್ಟ."

ಅವರನ್ನು ಕಳಿಸಿ ನಾವು ಸಾಮಾನು ಕೋಣೆಗೆ ಇಳಿದೆವು. ಕಿಟಕಿಯಿಲ್ಲದ ಉದ್ದ ಕೋಣೆ. ಗುಂಡಿ ಒತ್ತಿದರೆ ಬಲ್ಬು ಹತ್ತಲಿಲ್ಲ. ಹೊರಗೆ ನಿಂತಿದ್ದ ಕಾವಲುಗಾರ, "ಶುಕ್ರವಾರವೇ ಹೋಯ್ತು. ಬರೆದು ಕೊಟ್ಟಿದ್ದೀನಿ, ಯಾರು ಕೇಳ್ತಾರೆ?" ಎಂದ. ಅವನ ಕಣ್ಣುಗಳು ಕೆಂಪಾಗಿದ್ದವು. ಬಾಗಿಲು ತೆರೆದರೆ ಎದುರಿಗೇ ಜಗಲಿ, ಬಾಗಿಲ ಬೆಳಕಿನಲ್ಲಿ ಯಾರು ಏನು ಮಾಡಿದರೂ ಕಾಣುತ್ತಿತ್ತು.

ಅತ್ತಿಗೆ ನನ್ನ ಕೈಗೆ ಹೊಲಿಗೆ ಬಿಚ್ಚುವ ಕೊಕ್ಕೆಯನ್ನೂ ಒಂದು ತುಂಡು ಬಟ್ಟೆಯನ್ನೂ ಕೊಟ್ಟು ಬಾಗಿಲು ಮುಚ್ಚಿದರು. ನನ್ನ ಕೈ ನನಗೇ ಕಾಣಲಿಲ್ಲ. ಐದು ನಿಮಿಷದಲ್ಲಿ ಎರಡು ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಮೂರು ಕಡೆ ಹರಿದು, ಹೆಬ್ಬೆರಳು ಚುಚ್ಚಿಕೊಂಡೆ. ಹೊರಗೆ ಬಂದಾಗ ಅತ್ತಿಗೆ ಹಾಯಿಯ ಚೀಲದ ತಳವನ್ನು ತಡಕಾಡುತ್ತಿದ್ದರು. ಅವರ ಅಂಗೈಯಲ್ಲಿ ದಾರದ ಪುಟ್ಟ ಸುರುಳಿ ಇತ್ತು. ಒಂದು ಎಳೆಯೂ ಚದುರದಂತೆ ಬೆರಳಿಗೆ ಸುತ್ತಿ ತೆಗೆದದ್ದು.

"ಗೊತ್ತಾಯ್ತಾ ಅತ್ತಿಗೆ?"

"ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದಷ್ಟೇ ಹೇಳಿದರು.

ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಎಲ್ಲರೂ ನಮ್ಮ ಅಟ್ಟದಲ್ಲಿ ಸೇರಿದರು. ಕಾರ್ಯದರ್ಶಿ, ಪ್ರತಿ ವರ್ಷ ಎರಡನೆಯವರಾಗಿ ಬರುತ್ತಿದ್ದ ಹಲ್ಲಿನ ಡಾಕ್ಟರು, ಬಾಗಿಲ ಬಳಿ ಕಾವಲುಗಾರ, ಬೆಂಚಿನ ಮೇಲೆ ಗಡಿಯಾರದವರು ಮತ್ತು ಲೈಬ್ರರಿಯಮ್ಮ. ಅತ್ತಿಗೆ ಮೇಜಿನ ಮೇಲೆ ಹಾಯಿ ಹರಡಿದರು.

"ದ್ವೇಷ ಇರೋನು ಹಾಯಿಗೆ ಚಾಕು ಹಾಕ್ತಾನೆ," ಎಂದು ಶುರುಮಾಡಿದರು. "ಇಲ್ಲಿ ಬಟ್ಟೆ ಮೇಲೆ ಒಂದು ಗೀರೂ ಇಲ್ಲ. ಮೂರು ಹೊಲಿಗೆಗೆ ಒಂದರಂತೆ ಕತ್ತರಿಸಿ, ದಾರ ಎಳೆದು, ಸುರುಳಿ ಸುತ್ತಿಟ್ಟಿದ್ದಾರೆ. ಇದು ಈ ಹಾಯಿಯನ್ನ ಪ್ರೀತಿಸೋರ ಕೆಲಸ. ಮತ್ತೆ ಹೊಲಿದ್ರೆ ಮೊದಲಿನ ಹಾಗೇ ಆಗಲಿ ಅಂತ ಬಿಚ್ಚಿದ್ದು."

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಕೀಲಿ ಇದ್ದದ್ದು ಕಾವಲುಗಾರನ ಹತ್ರ."

"ಏಳು ಗಂಟೆವರೆಗೆ. ಆಮೇಲೆ ನಿಮ್ಮ ಹತ್ರ. ನಿಮ್ಮನ್ನ ಯಾಕೆ ಅನುಮಾನಿಸಲಿಲ್ಲ ಅಂದ್ರೆ, ನೀವು ಅಂಗಿ ಗುಂಡಿ ಹೊಲಿಸೋಕೂ ಇಲ್ಲಿಗೇ ಬರ್ತೀರಿ." ಹಲ್ಲಿನ ಡಾಕ್ಟರು ನಕ್ಕರು. ಅತ್ತಿಗೆ ಅವರತ್ತ ತಿರುಗಿದರು. "ನಿಮ್ಮ ಕೈ ಸೂಕ್ಷ್ಮದ್ದೇ. ಆದ್ರೆ ನೀವು ಒಳಗಿದ್ದದ್ದು ಒಂದೇ ನಿಮಿಷ, ಇದು ಕಾಲು ಗಂಟೆಯ ಕೆಲಸ. ಕಾವಲುಗಾರ ಬಾಗಿಲು ತೆಗೆದಿಟ್ಟು ಎಲ್ಲರ ಕಣ್ಣೆದುರು ಹುಟ್ಟು ಜೋಡಿಸಿದ. ಅಂದ್ರೆ ಯಾರೋ ಬಾಗಿಲು ಮುಚ್ಚಿಕೊಂಡು, ಬಲ್ಬು ಇಲ್ಲದ ಕತ್ತಲೇಲಿ, ಬರೀ ಬೆರಳ ತುದಿಯಿಂದ ನಾಲ್ಕು ಮೊಳ ಬಿಚ್ಚಿದ್ದಾರೆ. ನನ್ನ ನಾದಿನಿ ಹದಿನೆಂಟು ವರ್ಷದಿಂದ ಬಟ್ಟೆ ಹಿಡಿದೋಳು, ಅವಳ ಕೈಲೂ ಆಗಲಿಲ್ಲ. ಕತ್ತಲು ಅಭ್ಯಾಸ ಆಗಿರೋ ಬೆರಳಿಗೆ ಮಾತ್ರ ಆಗುತ್ತೆ."

ಅತ್ತಿಗೆಯ ದನಿ ತಗ್ಗಿತು.

"ಕಂಬಕ್ಕೆ ದೋಣಿ ಬಡೀತು. ನೋಟಿಸನ್ನ ಇನ್ನೊಬ್ಬರು ಓದಿ ಹೇಳಬೇಕಾಯ್ತು. ಪೀಪಾಯಿ ಯಾವ ಬಣ್ಣ ಅಂತ ಹತ್ತು ತಿಂಗಳಿಂದ ಕೇಳ್ತಾನೇ ಇದ್ದಾರೆ. ಒಂದು ಅಂಗಡಿ ದೋಣಿಯ ಹುಚ್ಚಿಗಲ್ಲ, ಬೇರೆ ಕಾರಣಕ್ಕೆ ಮುಚ್ಚಿತು. ನಿನ್ನೆ ಬಂದ ನಿಯಮದಿಂದ ಇವತ್ತು ಚುಕ್ಕಾಣಿ ಹಿಡೀಲೇಬೇಕಾಗಿತ್ತು. ಇದಕ್ಕಿಂತ ಮುಂದಿನದ್ದನ್ನ ನಾನು ಹೇಳೋದು ಸರಿಯಲ್ಲ."

ಗಡಿಯಾರದವರು ಎದ್ದು ನಿಂತರು. ಅವರು ಮೊದಲು ತಿರುಗಿದ್ದು ಹೆಂಡತಿಯ ಕಡೆಗಲ್ಲ, ಬಾಗಿಲ ಬಳಿಯ ಕಾವಲುಗಾರನ ಕಡೆಗೆ.

"ಬಿಚ್ಚಿದ್ದು ನಾನು. ಹೊಲಿಗೆ ಹಳೇದಾಗಿ ಬಿಟ್ಟಿದೆ ಅಂದ್ಕೋತಾರೆ ಅಂತಿದ್ದೆ. ನಿನ್ನ ಮೇಲೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಬಂದಾಗ ಬಾಯಿ ತೆಗೀಬೇಕಿತ್ತು. ಧೈರ್ಯ ಬರಲಿಲ್ಲ." ಆಮೇಲೆ ಹೆಂಡತಿಗೆ ಹೇಳಿದರು. "ನೋಟದ ನಡುವೆ ಏನೂ ಕಾಣಲ್ಲ ಕಣೇ. ಸುತ್ತ ಅಂಚಿನಲ್ಲಿ ಒಂದಿಷ್ಟು ಕಾಣುತ್ತೆ, ಅದರಲ್ಲೇ ನಡೀತಿದ್ದೀನಿ. ನೀನು ಕೂತಿರೋ ದೋಣೀನ ಅಷ್ಟು ದೋಣಿಗಳ ನಡುವೆ ನಾನು ಹೇಗೆ ನಡೆಸಲಿ? ಕಾಣಲ್ಲ ಅಂತ ಬಾಯಿಬಿಟ್ರೆ ಇನ್ನು ಯಾರೂ ನೀರಿಗೇ ಬಿಡಲ್ಲ ನನ್ನ."

ಲೈಬ್ರರಿಯಮ್ಮ ತಮ್ಮ ಅಂಗೈ ನೋಡಿಕೊಂಡರು. ಹಗ್ಗ ಉಜ್ಜಿ ಗಟ್ಟಿಯಾದ ಅಂಗೈ.

"ಹಾಗಾದ್ರೆ ಕಲಿಸಿದ್ದು ಸುಳ್ಳಾ? ನಿಮಗೊಂದು ಜೊತೆ ಕಣ್ಣು ಬೇಕಿತ್ತು, ಅಷ್ಟೇನಾ?"

"ಮೊದಲ ತಿಂಗಳು ಅಷ್ಟೇ," ಎಂದರು ಅವರು. "ಆಮೇಲೆ ನೀನು ನನಗಿಂತ ಮೊದಲು ಗಾಳಿ ತಿರುಗಿದ್ದನ್ನ ಹೇಳೋಕೆ ಶುರು ಮಾಡಿದೆ. ಅದಕ್ಕೆ ಕಣ್ಣು ಬೇಕಿಲ್ಲ, ನಿನ್ನ ಕೆನ್ನೆಗೇ ಗೊತ್ತಾಗಿತ್ತು. ಅವತ್ತಿನಿಂದ ನಿಜವಾಗಿ ಕಲಿಸಿದೆ."

ಹಲ್ಲಿನ ಡಾಕ್ಟರು ನಿಯಮ ಬದಲಿಸೋಣ, ಲೈಬ್ರರಿಯಮ್ಮನೇ ಚುಕ್ಕಾಣಿ ಹಿಡಿಯಲಿ ಎಂದರು. ಅತ್ತಿಗೆ ಆಗಲೇ ಸೂಜಿಗೆ ದಾರ ಹಾಕಿದ್ದರು. ಲೈಬ್ರರಿಯಮ್ಮ ತಲೆಯಾಡಿಸಿದರು. "ಇವತ್ತು ಬೇಡ. ಇವತ್ತು ಮನೇಲಿ ಮಾತಾಡೋದಿದೆ. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋದಿದೆ."

ಪಂದ್ಯವನ್ನು ಹಲ್ಲಿನ ಡಾಕ್ಟರು ಗೆದ್ದರು. ಗೆದ್ದ ಕಳೆ ಮುಖದಲ್ಲಿ ಇರಲಿಲ್ಲ. ಕಣ್ಣಿನ ಡಾಕ್ಟರು, ವರ್ಷದ ಹಿಂದೆಯೇ ಬರಬೇಕಿತ್ತು, ಎಡಗಣ್ಣಿನಲ್ಲಿ ಇದ್ದಷ್ಟನ್ನು ಉಳಿಸಬಹುದು, ಬಲಗಣ್ಣಿಗೆ ಮಾಡುವುದೇನೂ ಇಲ್ಲ ಎಂದರಂತೆ.

ಕಾವಲುಗಾರನ ಕೆಲಸ ಉಳಿಯಿತು. ಮನಸ್ಸು ಅಷ್ಟು ಬೇಗ ಸರಿಹೋಗಲಿಲ್ಲ. ಮೂರು ವಾರ ಅವನು ಗಡಿಯಾರದವರೊಂದಿಗೆ ಮಾತಾಡಲಿಲ್ಲ, ಅವರೂ ಮಾತಿಗೆ ಒತ್ತಾಯಿಸಲಿಲ್ಲ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ನಾನೂ ಅತ್ತಿಗೆಯೂ ಕಿಟಕಿಯಲ್ಲಿದ್ದೆವು. ಲೈಬ್ರರಿಯಮ್ಮ ಆಗಲೇ ದೋಣಿ ಹತ್ತಿ ಚುಕ್ಕಾಣಿ ಹಿಡಿದು ಕೂತಿದ್ದರು. ಗಡಿಯಾರದವರು ಕಟ್ಟೆಯ ಅಂಚಿನಲ್ಲಿ ಒಂದು ಕಾಲು ಮುಂದಿಟ್ಟು ದೋಣಿಯನ್ನು ಹುಡುಕುತ್ತಿದ್ದರು. ಕಾವಲುಗಾರ ಹಗ್ಗ ಸುತ್ತುವುದನ್ನು ನಿಲ್ಲಿಸಿ ಅವರ ಪಕ್ಕಕ್ಕೆ ಬಂದು ನಿಂತ.

"ಮೆಟ್ಟಿಲು ಜಾರುತ್ತೆ," ಎಂದ. "ಹೆಗಲು ಹಿಡ್ಕೊಳ್ಳಿ."

ಗಡಿಯಾರದವರು ಕೈ ಚಾಚಿ ಅವನ ಹೆಗಲು ಹಿಡಿದುಕೊಂಡರು.