ನುಂಗದ ಗುಟುಕು

ಬಾಯಲ್ಲಿದ್ದ ಕಾಫಿಯನ್ನು ಧನ್ಯಶ್ರೀ ಉಗಿದೇಬಿಟ್ಟಳು!

ಅದೂ ಎಲ್ಲಿ? ಮಲ್ಲಂದೂರಿನಲ್ಲಿ, ರಾಜೀವನ ಮನೆಯಲ್ಲಿ! ಮೊದಲ ಸಲ ಬಂದ ಹುಡುಗಿಗೆಂದು ಅವನ ತಾಯಿ ಪ್ರೇಮಲತಾ ಕೈಯಾರೆ ಮಾಡಿದ್ದ ಕಾಫಿಯನ್ನು ಸುರ್ರೆಂದು ಎಳೆದು, ನಾಲಿಗೆಯ ಮೇಲೆ ಆಡಿಸಿ, ಎದ್ದು ಹೋಗಿ ಬೇಸಿನ್‌ಗೆ ಉಗಿದಿದ್ದಳು.

"ಚೆನ್ನಾಗಿಲ್ವೇನಮ್ಮ?" ಪ್ರೇಮಲತಾರ ಮುಖ ಸಣ್ಣದಾಯಿತು.

ಕಾಫಿ ರುಚಿ ನೋಡುವುದೇ ಧನ್ಯಶ್ರೀಯ ಕೆಲಸ. ದಿನವಿಡೀ ಗುಟುಕು ಗುಟುಕಾಗಿ ಬಾಯಿಗಿಟ್ಟು ಉಗಿಯುವವಳು. ಆ ಹಾಳು ಅಭ್ಯಾಸ ಇಲ್ಲೂ ಮಾನ ಕಳೆದಿತ್ತು! ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳದೆ ಓಡಿಬಂದಳು, ಪೆದ್ದಿ.

ಚಿಕ್ಕಮಗಳೂರಿನಲ್ಲಿ ರಾಜೀವನದೊಂದು ಪುಟ್ಟ ಎಐ ಕಂಪನಿ. ಬೀಜದ ಫೋಟೋ ನೋಡಿ ಕಾಫಿಯ ಗುಣ ಹೇಳುವ ಸಾಫ್ಟ್‌ವೇರ್. ಅದಕ್ಕೆ ರುಚಿಯ ಪಾಠ ಹೇಳಿಕೊಟ್ಟವಳೇ ಧನ್ಯಶ್ರೀ. ಈಗ ಜರ್ಮನಿಯ ಹ್ಯಾಂಬರ್ಗ್‌ನ ಕಾಫಿ ವ್ಯಾಪಾರಿಗಳು ಅದನ್ನು ಕೇಳಿದ್ದರು. ಯುರೋಪಿನ ಬಾಗಿಲು ತೆರೆದಿತ್ತು! ಆದರೆ ಒಂದು ಷರತ್ತು: ನಿಮ್ಮದು ಹೊರದೇಶದ ಕಂಪನಿ, ಯಂತ್ರ ತಪ್ಪಿದರೆ ಉತ್ತರ ಹೇಳಲು ನಿಮ್ಮವರೊಬ್ಬರು ಎರಡು ವರ್ಷ ಇಲ್ಲೇ ಇರಬೇಕು.

ಪಾಲುದಾರ ವೆಂಕಟೇಶನನ್ನು ಕಳಿಸೋಣ ಎನ್ನುತ್ತಿದ್ದ ರಾಜೀವ, ಅವಳು ಕಾಫಿ ಉಗಿದ ಮರುದಿನವೇ ಆಫೀಸಿನಲ್ಲಿ ಎಲ್ಲರೆದುರು ಹೇಳಿದ.

"ನಾನೇ ಹೋಗ್ತೀನಿ."

ಧನ್ಯಶ್ರೀ ಮನಸ್ಸಿನಲ್ಲೇ ಅಂದುಕೊಂಡಳು. ಅಮ್ಮನಿಗೆ ಅವಮಾನ ಮಾಡಿದವಳ ಮುಖ ನೋಡೋಕೂ ಇಷ್ಟ ಇಲ್ಲ ಇವನಿಗೆ...

ಧನ್ಯಾ ಎನ್ನುತ್ತಿದ್ದವನು ಈಗ ಮೇಡಂ ಎನ್ನುತ್ತಿದ್ದ. ಅವಳೂ ತಲೆ ತಗ್ಗಿಸಿಯೇ ಓಡಾಡಿದಳು. ಆಲ್ದೂರಿನ ಕಡೆ ತೋಟಗಳೆಲ್ಲ ಕಾಫಿ ಹೂವಾಗಿ ಘಮಘಮಿಸುತ್ತಿದ್ದರೆ, ಇವಳು ಮೊಬೈಲಿನಲ್ಲಿ ಹ್ಯಾಂಬರ್ಗ್‌ನ ಚಳಿ ನೋಡುತ್ತ ಕೂರುತ್ತಿದ್ದಳು. ಸ್ವೆಟರ್ ಇಟ್ಕೊಂಡ್ನೋ ಇಲ್ವೋ... ಕೇಳುವುದಕ್ಕೆ ತಾನ್ಯಾರು?

ಭಾನುವಾರ ತಡೆಯಲಾಗಲಿಲ್ಲ. ಮಲ್ಲಂದೂರಿನ ಬಸ್ ಹತ್ತಿದಳು. ಪ್ರೇಮಲತಾ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು.

"ಅಮ್ಮ, ಅವತ್ತು ನಾನು ಬೇಕಂತ ಉಗಿದಿದ್ದಲ್ಲ..."

"ಅಯ್ಯೋ ಮಾರಾಯ್ತಿ! ಅದನ್ನ ರಾಜೀವ ಅವತ್ತೇ ಹೇಳ್ದ. ನಂಗೆ ನಕ್ಕು ನಕ್ಕು ಸಾಕಾಯ್ತು. ಮಾತಾಡ್ಕೊಳ್ಳಿ, ಒಳಗೆ ಕೆಲಸ ಇದೆ ನಂಗೆ."

ಜಗಲಿಯಲ್ಲಿ ರಾಜೀವ ನಿಂತಿದ್ದ.

"ಮತ್ತೆ... ನನ್ನ ಮೇಲೆ ಯಾಕೆ ಕೋಪ?"

"ಕೋಪ ಅಲ್ಲ. ಅವತ್ತು ನಿಮ್ಮನ್ನ ಮದುವೆಗೆ ಕೇಳೋಣ ಅಂತಿದ್ದೆ. ಗೊತ್ತಾಗಿಯೇ ಓಡಿಹೋದ್ರಿ ಅಂದ್ಕೊಂಡೆ. ಮರುದಿನದಿಂದ ಕಣ್ಣೆತ್ತಿಯೂ ನೋಡ್ಲಿಲ್ಲ ನೀವು."

"ನಾಚಿಕೆಗೆ ಕಣೋ!" ನೀವು ಹೋಗಿ ಕಣೋ ಬಂದದ್ದು ಅವಳಿಗೇ ತಿಳಿಯಲಿಲ್ಲ. "ನೀನಂದ್ರೆ ಪ್ರಾಣ ನಂಗೆ. ಅಷ್ಟೂ ಗೊತ್ತಾಗ್ಲಿಲ್ವಾ?"

ರಾಜೀವನ ಕಣ್ಣು ತುಂಬಿತು. "ಹಾಗಾದ್ರೆ ನಾನು ಹೋಗಲ್ಲ."

ಹೋಗಬೇಡ! ಅವಳ ಜೀವವೆಲ್ಲ ಅದನ್ನೇ ಕೂಗಿತು. ಆದರೆ ವೆಂಕಟೇಶನ ಹೆಂಡತಿ ಬಸುರಿ ಎಂದು ಮೊನ್ನೆಯಷ್ಟೇ ಗೊತ್ತಾಗಿತ್ತು, ಅವಳನ್ನು ಬಿಟ್ಟು ಅವನು ಹೋಗುವುದಾದರೂ ಹೇಗೆ? ಯಾರೂ ಹೋಗದಿದ್ದರೆ ತಾನೂ ರಾಜೀವನೂ ಸೇರಿ ಕಟ್ಟಿದ್ದು ಅಲ್ಲಿಗೇ ನಿಲ್ಲುತ್ತಿತ್ತು.

"ಹೋಗು," ಎಂದಳು. "ಆದ್ರೆ ಮದುವೆ ಆಗಿ ಹೋಗು."

"ಗುರುವಾರ ಫ್ಲೈಟ್ ಕಣೇ!"

"ಬುಧವಾರ ಇದೆಯಲ್ಲ? ಕಳಸದಲ್ಲಿ ದೇವಸ್ಥಾನ ಇದೆ. ನನ್ನ ಅಪ್ಪ ಅಮ್ಮನೂ ಅಲ್ಲೇ ಇದ್ದಾರೆ. ಒಪ್ಸೋದು ನನ್ನ ಜವಾಬ್ದಾರಿ."

"ಮದುವೆಯಾಗಿ ಮಾರನೇ ದಿನ ಬಿಟ್ಟು ಹೋಗ್ಲಾ? ಎರಡು ವರ್ಷ ನೀನಿಲ್ಲಿ ಒಬ್ಳೇ..."

"ಇಷ್ಟು ದಿನ ಹಕ್ಕಿಲ್ದೆ ನೆನೆಸ್ಕೊಂಡು ಅಳ್ತಿದ್ದೆ ರಾಜೀವ... ಇನ್ಮೇಲೆ ಹಕ್ಕಿನಿಂದ ನೆನೆಸ್ಕೊಳ್ತೀನಿ."

ಅವನು ಅವಳ ಕೈ ಹಿಡಿದುಕೊಂಡ. ಆಮೇಲೆ ಒಳಗೆ ತಿರುಗಿ ಕೂಗಿದ.

"ಅಮ್ಮಾ! ಬುಧವಾರ ಕಳಸಕ್ಕೆ ಹೋಗ್ಬೇಕು!"