ಕೆಳಮನೆಯ ದೀಪ ಹಚ್ಚಿದವರು ಯಾರು?

"ಲಾಯರಕ್ಕಾ, ನನ್ನ ಹೆಂಡತಿ ದಿನಾ ಸಂಜೆ ಬಂದು ದೀಪ ಹಚ್ತಿದಾಳೆ!"

ಕೆಳಮನೆಯ ಟೈಲರ್ ಮಾಮ ಹೀಗೆಂದಾಗ ಲಾಯರಕ್ಕನ ಪಕ್ಕದಲ್ಲಿದ್ದ ತಮ್ಮನ ಕೈಯ ಕಾಫಿ ತುಳುಕಿತು. ಮಾಮನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅಕ್ಕ ಮಾತ್ರ ಖುಷಿಯಾಗಿ ನೆಟ್ಟಗೆ ಕೂತಳು. ಆ ಕಟ್ಟಡದಲ್ಲಿ ಏನು ಕಳೆದರೂ, ಯಾರು ಮುನಿದರೂ ಜನ ಬರುತ್ತಿದ್ದುದು ಅವಳ ಬಳಿಗೇ. ಅವಳ ಹಿಂದೆ ಓಡಾಡುವ ಕೆಲಸ ತಮ್ಮನದು.

"ಆಗ ನೀವೇನು ಮಾಡ್ತೀರಿ?" ಅಕ್ಕ ಕೇಳಿದಳು.

"ಆರಿಸ್ತೀನಿ. ಬದುಕಿದ್ದಾಗಲೂ ಅವಳು ಹೀಗೇ, ಹೊತ್ತು ಮುಳುಗೋ ಮುಂಚೆ ದೀಪ! ಕರೆಂಟು ದಂಡ ಅಲ್ವಾ?"

ಕೆಳಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಬಿಳಿ ಗಾಜಿನ ದುಂಡು ದೀಪವಿತ್ತು. ಫೋನಿಗಿರುವಂಥ ಪರದೆಯಿಲ್ಲ, ಒತ್ತಲು ಒಂದೇ ಗುಂಡಿ. "ತಂದ ದಿನ ನೀಲಿಯಾಗಿ ಮಿಣುಕ್ತಿತ್ತು. ಮಾರನೇ ದಿನ ಮಿಣುಕೋದು ತಾನೇ ನಿಂತೋಯ್ತು," ಎಂದರು ಮಾಮ. ಅವರ ಫೋನೋ, ಬರೀ ಮಾತಾಡಲಿಕ್ಕೆ ಬರುವ ಹಳೇ ಡಬ್ಬ.

ಮೇಲ್ಮನೆಯ ನರ್ಸಮ್ಮನ ಕಿಟಕಿಯಲ್ಲೂ ಅಂಥದ್ದೇ ದೀಪ, ಅದೇ ಅಂಗಡಿಯದು. ಅದು ಇನ್ನೂ ನೀಲಿಯಾಗಿ ಮಿಣುಕುತ್ತಲೇ ಇತ್ತು. ಅವಳ ಕಣ್ಣು ಅತ್ತು ಕೆಂಪಾಗಿತ್ತು.

"ನಮ್ಮನೆಯವರು ಜಗಳ ಆಡ್ಕೊಂಡು ಬಂದರಿನ ಕೆಲಸಕ್ಕೆ ಹೋದ್ರು. 'ದಿನಾ ಸಂಜೆ ಅಲ್ಲಿಂದಲೇ ದೀಪ ಹಚ್ತೀನಿ. ಕೋಪ ಇಳಿದಿದ್ರೆ ಹಾಗೇ ಬಿಡು, ಬಂದುಬಿಡ್ತೀನಿ. ಇಲ್ಲಾಂದ್ರೆ ಆರಿಸು, ಫೋನಲ್ಲಿ ಗೊತ್ತಾಗುತ್ತೆ' ಅಂದಿದ್ರು. ಒಂದು ದಿನಾನೂ ಹಚ್ಚಲಿಲ್ಲ. ನಾಳೆ ನಾನು ತವರಿಗೆ ಹೊರಟೆ, ಅಷ್ಟೇ."

"ಫೋನಿಗೆ ದೀಪ ಜೋಡಿಸುವಾಗ ನಿನ್ನ ಗಂಡ ಎಲ್ಲಿದ್ದ?" ಅಕ್ಕ ಕೇಳಿದಳು.

"ಬೂಟು ಹಾಕ್ಕೊಂಡು ಮೆಟ್ಟಿಲ ಮೇಲೆ! ಮೊದಲೇ ಮಾಡಿ ಅಂದ್ರೆ ಕೇಳೋರಲ್ಲ. ಆಮೇಲೆ ನೋಡಿದ್ರೆ ಇಲ್ಲಿ ಪ್ಲಗ್ಗಿನ ಸ್ವಿಚ್ಚೇ ಹಾಕಿರಲಿಲ್ಲ, ನಾನೇ ಹಾಕ್ದೆ."

ಆ ಸಂಜೆ ನಾಲ್ವರೂ ಕೆಳಮನೆಯಲ್ಲಿ ಕೂತರು. ಬಿಸಿಲು ಬಟ್ಟೆಯ ಥಾನುಗಳ ಮೇಲಿಂದ ಮೆಲ್ಲಗೆ ಇಳಿದುಹೋಯಿತು. ಕೋಣೆಯೇ ನಿದ್ದೆಗೆ ಜಾರಿದಂತಿತ್ತು. ಆಗ ದೀಪ ತಾನಾಗಿ ಹೊತ್ತಿಕೊಂಡಿತು. ಗುಂಡಿಯತ್ತ ಹೋದ ಮಾಮನ ಕೈಯನ್ನು ಅಕ್ಕ ಹಿಡಿದಳು.

"ಪರದೆ ಇಲ್ಲದ ಸಾಮಾನಿಗೆ ಮನೆಯ ವೈಫೈ ಪಾಸ್‌ವರ್ಡನ್ನ ಫೋನೇ ತಿಳಿಸ್ಬೇಕು. ಅಲ್ಲಿವರೆಗೂ ಅದು ಮಿಣುಕ್ತಾ ಕಾಯುತ್ತೆ. ಇವಳ ಗಂಡ ಫೋನ್ ತೆಗೆದಾಗ ಮೇಲಿನ ದೀಪಕ್ಕೆ ಕರೆಂಟೇ ಇರಲಿಲ್ಲ. ಫೋನಲ್ಲಿ ಕಾಣಿಸಿದ್ದು ಅದೇ ಕಂಪನಿಯ ಈ ದೀಪ. ತನ್ನದೇ ಅಂದ್ಕೊಂಡು ಪಾಸ್‌ವರ್ಡ್ ಕೊಟ್ಟು ಹೊರಟುಬಿಟ್ಟ. ಇದರ ಮಿಣುಕು ನಿಂತಿದ್ದು, ಅದರದ್ದು ನಿಲ್ಲದೇ ಇದ್ದಿದ್ದು ಅದಕ್ಕೇ. ಮೇಲ್ಮನೆ ವೈಫೈ ಇಲ್ಲಿಗೂ ಸಿಗುತ್ತಲ್ಲ!"

"ಹಾಗಾದ್ರೆ ತಪ್ಪೆಲ್ಲ ಅವನದೇ?" ತಮ್ಮ ಕೇಳಿದ.

"ಹಚ್ಚಿದ್ದು ಅವನು. ಆದ್ರೆ ದಿನಾ ಆರಿಸಿ, ಇವಳ ಹೆಸರಲ್ಲಿ ಬರಬೇಡ ಅಂದಿದ್ದು ದೂರು ತಂದವರೇ."

ಮಾಮ ಮುಖ ಮುಚ್ಚಿಕೊಂಡರು. "ಅಯ್ಯೋ ಮಗಳೇ, ನಂಗೇನು ಗೊತ್ತು? ನನ್ನವಳೇ ಬಂದಳು ಅಂದ್ಕೊಂಡಿದ್ದೆ."

ನರ್ಸಮ್ಮ ಒಂದು ಕೈಯನ್ನು ಮಾಮನ ಹೆಗಲ ಮೇಲಿಟ್ಟು, ಇನ್ನೊಂದರಲ್ಲಿ ಫೋನ್ ಹಿಡಿದಳು.

"ರೀ, ಇಷ್ಟು ದಿನ ಆರಿಸಿದ್ದು ನಾನಲ್ಲ. ಈಗ ಉರೀತಿದೆ, ನೋಡಿ. ಹೊರಡಿ, ಮನೆಗೆ ಬನ್ನಿ," ಎಂದಳು.